ತಂತ್ರಾಂಶದ ಹಂತ, ಆವೃತ್ತಿಯ ಗುರುತು ಮತ್ತು ಹೊಣೆ



ಪರೀಕ್ಷೆಯ ಹಂತದಲ್ಲಿರುವ ವಸ್ತುವೊಂದು ಕೆಟ್ಟರೆ ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆ? ಈ ಪ್ರಶ್ನೆಯನ್ನು ಜವನಗೊಂಡನಹಳ್ಳಿಯಲ್ಲಿ ಕೇಳುವುದಕ್ಕೆ ಕಾರಣವಿದೆ. 2023ರ ಆಗಸ್ಟ್ 20ರಂದು ಡಿಆರ್‌ಡಿಒ ಸಂಸ್ಥೆಯ ‘ತಪಸ್’ ಎಂಬ ಪೈಲಟ್ ಇಲ್ಲದ ವಿಮಾನ ಇದೇ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು, 2019ರ ಸೆಪ್ಟೆಂಬರ್ 17ರಂದು, ಆಗಿನ್ನೂ ರುಸ್ತುಂ-2 ಎಂದು ಕರೆಸಿಕೊಳ್ಳುತ್ತಿದ್ದ ಇದೇ ಬಗೆಯ ವಿಮಾನ ನಮ್ಮ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಿತ್ತು. ಎರಡು ಸಲವೂ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಿಂದ ಹಾರುತ್ತಿದ್ದ ಈ ವಿಮಾನಗಳು ಆಗಿನ್ನೂ ಸೇನೆಯ ಬಳಕೆಗೆ ಸೇರಿರಲಿಲ್ಲ, ಪರೀಕ್ಷೆಯಲ್ಲೇ ಇದ್ದವು ಎಂಬುದು ಎಲ್ಲರಿಗೂ ತಿಳಿದಿದ್ದ ವಿಷಯ. ಹಂತ ಯಾವುದೆಂದು ಗೊತ್ತಿದ್ದುದರಿಂದ ಹೊಣೆ ಯಾರದೆಂಬ ವಿಚಾರದಲ್ಲಿ ಗೊಂದಲ ಹುಟ್ಟಲಿಲ್ಲ. ಬಿದ್ದದ್ದನ್ನು ಹೊತ್ತೊಯ್ಯುವುದು, ಕಾರಣ ಹುಡುಕುವುದು, ಲೆಕ್ಕ ಕೊಡುವುದು ಎಲ್ಲವೂ ಹಾರಿಸಿದವರ ಕೆಲಸ. ನಮ್ಮ ಕೈಯ ಫೋನಿನಲ್ಲಿ, ನಾಡಕಚೇರಿಯ ಗಣಕದಲ್ಲಿ, ಪಡಿತರದ ಅಂಗಡಿಯ ಬೆರಳಚ್ಚಿನ ಯಂತ್ರದಲ್ಲಿ ಓಡುವ ತಂತ್ರಾಂಶದ ವಿಚಾರದಲ್ಲಿ ನಮಗೆ ಅಷ್ಟು ಸ್ಪಷ್ಟತೆ ಇಲ್ಲ. ತಂತ್ರಾಂಶದ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾಣುವ ‘ಬೀಟಾ’, ‘1.0’, ‘4.1’ ಎಂಬ ಗುರುತುಗಳು ತಯಾರಕರು ಬಳಕೆದಾರರಿಗೆ ಕೊಡುವ ಮಾತು. ಕೆಟ್ಟರೆ ನಷ್ಟ ಯಾರು ಹೊರಬೇಕೆಂದು ಅವು ಮೊದಲೇ ತಿಳಿಸುತ್ತವೆ. ಬಳಕೆದಾರನಿಗೆ ಒಲ್ಲೆ ಎನ್ನುವ ಅವಕಾಶವೇ ಇಲ್ಲದ ಕಡೆ, ಎಂದರೆ ಸರ್ಕಾರದ ಸೇವೆಗಳಲ್ಲಿ, ಆ ಮಾತನ್ನು ಮುಚ್ಚಿಡುವುದು ಅನ್ಯಾಯ. ಈ ದತ್ತಿ ಉಪನ್ಯಾಸದಲ್ಲಿ ನಾನು ಸಾಧಿಸಲು ಹೊರಟಿರುವುದು ಇದಿಷ್ಟನ್ನೇ.

ಮೊದಲು ಹಂತಗಳ ವಿಚಾರ. ಬರೆಯುವವರ ಕೈಯಿಂದ ಬಳಸುವವರ ಕೈಗೆ ಬರುವಷ್ಟರಲ್ಲಿ ತಂತ್ರಾಂಶ ಕೆಲವು ಹೊಸಿಲುಗಳನ್ನು ದಾಟುತ್ತದೆ. ಬರೆದವರೇ, ಅವರ ಸಂಸ್ಥೆಯವರೇ ಓಡಿಸಿ ನೋಡುವುದು ಆಲ್ಫಾ ಹಂತ. ಅಲ್ಲಿ ಉದ್ದೇಶಿಸಿದ ಸೌಲಭ್ಯಗಳೆಲ್ಲ ಇನ್ನೂ ಸೇರಿರುವುದಿಲ್ಲ. ಸೌಲಭ್ಯಗಳು ಬಹುಮಟ್ಟಿಗೆ ಸೇರಿದ ಮೇಲೆ, ತಪ್ಪುಗಳು ಉಳಿದಿವೆ ಎಂದು ಗೊತ್ತಿದ್ದೂ ಎಲ್ಲಿವೆ ಎಂದು ಗೊತ್ತಿಲ್ಲದಾಗ, ಹೊರಗಿನ ಕೆಲವರಿಗೆ ಕೊಟ್ಟು ನೋಡುವುದು ಬೀಟಾ. ಅದರ ಮುಂದಿನದು ‘ಆರ್‌ಸಿ’ ಎಂದು ಕರೆಯುವ ಹಂತ: ದೊಡ್ಡ ತಪ್ಪೇನೂ ಸಿಗದಿದ್ದರೆ ಈ ಪ್ರತಿಯನ್ನೇ ಹಾಗೆಯೇ ಹೊರಬಿಡುತ್ತೇವೆ ಎಂದು ತಯಾರಕರು ಹೇಳುತ್ತಾರೆ. ಕೊನೆಗೆ ಸ್ಥಿರ ಬಿಡುಗಡೆ. ಆಲ್ಫಾ, ಬೀಟಾ ಎಂಬ ಹೆಸರುಗಳು ಐಬಿಎಂ ಕಂಪನಿ ತನ್ನ ಉತ್ಪನ್ನಗಳಿಗೆ ಒಳಗೊಳಗೇ ನಡೆಸುತ್ತಿದ್ದ ಎ ಪರೀಕ್ಷೆ, ಬಿ ಪರೀಕ್ಷೆಗಳ ಪದ್ಧತಿಯಿಂದ ಬೆಳೆದು ಬಂದವು. ಹೆಸರಿಗಿಂತ ಮುಖ್ಯವಾದದ್ದು ಪ್ರತಿ ಹೊಸಿಲಿನಲ್ಲೂ ಹೊಣೆ ಬದಲಾಗುವ ರೀತಿ. ಆಲ್ಫಾದಲ್ಲಿ ಕೆಟ್ಟರೆ ನಷ್ಟವೆಲ್ಲ ತಯಾರಕರದೇ. ಬೀಟಾದಲ್ಲಿ ಅದನ್ನು ಹಂಚಿಕೊಳ್ಳಲು ಒಪ್ಪಿ ಬಂದವರೂ ಇರುತ್ತಾರೆ. ಅವರು ತಿಳಿದೇ ಬಂದವರು, ಮುಖ್ಯವಾದ ಕಡತಗಳನ್ನು ಅದರಲ್ಲಿ ಇಡದವರು, ಕಂಡ ತಪ್ಪನ್ನು ವರದಿ ಮಾಡುವವರು. ಸ್ಥಿರ ಬಿಡುಗಡೆಯಾದ ಮೇಲೆ ಬಳಕೆದಾರ ತನ್ನ ನಿತ್ಯದ ಕೆಲಸವನ್ನು ಅದರ ಮೇಲೆ ಹೊರಿಸಬಹುದು, ತಪ್ಪು ಸಿಕ್ಕರೆ ತಿದ್ದುವುದು ತಯಾರಕರ ಋಣ. ಆ ಋಣಕ್ಕೂ ಒಂದು ಕೊನೆಯಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೂ ಗಣಕ ಮೊದಲಿನಂತೆಯೇ ಓಡುತ್ತದೆ, ಪರದೆ ಮೊದಲಿನಂತೆಯೇ ಕಾಣುತ್ತದೆ, ಆದರೆ ಹೊಣೆ ಮಾತ್ರ ಸದ್ದಿಲ್ಲದೆ ಬಳಕೆದಾರನ ಹೆಗಲಿಗೆ ದಾಟಿರುತ್ತದೆ.

ಚೀಟಿ ನೋಡಿ ಹೊಣೆ ಅಳೆಯುವ ಪದ್ಧತಿ ಕೃಷಿಕರಿಗೆ ಹೊಸದೇನಲ್ಲ. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯ ಬಣ್ಣವನ್ನು ರೈತರು ಓದಬಲ್ಲರು: ತಳಿವರ್ಧಕರ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ಕಂಪನಿಯವರೇ ಪರೀಕ್ಷಿಸಿ ಮಾರುವ ನಿಜಚೀಟಿ ಬೀಜಕ್ಕೆ ಹಸಿರು. ಬಣ್ಣದ ಜೊತೆಗೆ ತಳಿಯ ಹೆಸರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ, ಯಾವಾಗಿನವರೆಗೆ ಬಿತ್ತಬಹುದು ಎಂಬ ಅವಧಿ ಇರುತ್ತವೆ. 1966ರ ಬೀಜ ಕಾಯ್ದೆಯ ಬಲ ಈ ವ್ಯವಸ್ಥೆಗಿದೆ. ನೀಲಿ ಚೀಟಿಯ ಶೇಂಗಾ ಮೊಳೆಯದಿದ್ದರೆ ರೈತ ಚೀಟಿ ಹಿಡಿದು ಕೃಷಿ ಇಲಾಖೆಗೆ ಹೋಗಬಹುದು. ಚೀಟಿಯಿಲ್ಲದ ಚೀಲ ತಂದವನಿಗೆ ಕೇಳುವ ದಾರಿಯೇ ಇಲ್ಲ. ಬಬ್ಬೂರು ಫಾರ್ಮಿನ ಕೃಷಿ ಸಂಶೋಧನೆಯ ನೆರಳಿನಲ್ಲಿ ಬೆಳೆದ ಈ ತಾಲ್ಲೂಕಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತ್ರಾಂಶದ ಗುರುತಿಗೂ ನಾನು ಕೇಳುವುದು ಇಂಥದ್ದೇ ತೂಕವನ್ನು.

ಇನ್ನು ಅಂಕಿಗಳ ವಿಚಾರ. ಚುಕ್ಕೆಯಿಂದ ಬೇರೆಯಾದ ಮೂರು ಅಂಕಿಗಳಿಗೆ ಟಾಮ್ ಪ್ರೆಸ್ಟನ್-ವರ್ನರ್ ಎಂಬ ತಂತ್ರಜ್ಞ ಒಂದು ಸ್ಪಷ್ಟವಾದ ಕರಾರನ್ನು ಬರೆದಿಟ್ಟಿದ್ದಾರೆ, ಬಹಳ ಮಂದಿ ಅದನ್ನು ಒಪ್ಪಿಕೊಂಡಿದ್ದಾರೆ. ಕೊನೆಯ ಅಂಕಿ ಏರಿದರೆ ತಪ್ಪು ತಿದ್ದಲಾಗಿದೆ, ಬೇರೇನೂ ಬದಲಾಗಿಲ್ಲ. ನಡುವಿನದು ಏರಿದರೆ ಹೊಸದೇನೋ ಸೇರಿದೆ, ಹಳೆಯದು ಹಾಗೇ ನಡೆಯುತ್ತದೆ. ಮೊದಲನೆಯದು ಏರಿದರೆ ಎಚ್ಚರ, ಹಿಂದಿನದಕ್ಕೆ ಹೊಂದದ ಬದಲಾವಣೆ ಇದೆ. ಸೊನ್ನೆಯಿಂದ ಶುರುವಾಗುವ ಆವೃತ್ತಿಯಾದರೆ ಯಾವುದೂ ಯಾವಾಗಲಾದರೂ ಬದಲಾಗಬಹುದು. ಇದೇ ಒಂದೇ ಕ್ರಮ ಅಂತಲ್ಲ. ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ ಅಂಕಿ ವರ್ಷ ಮತ್ತು ತಿಂಗಳನ್ನು ಹೇಳುತ್ತದೆ. 2004ರ ಅಕ್ಟೋಬರಿನಲ್ಲಿ ಬಂದ ಮೊದಲ ಆವೃತ್ತಿ 4.10. ಅವರ ಒಂದು ಆವೃತ್ತಿ 2006ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಸಿದ್ಧವಾಗದೆ ಜೂನ್‌ಗೆ ಹೋಯಿತು, ಅಂಕಿಯನ್ನೂ 6.06 ಎಂದು ಬದಲಿಸಿದರು. ತಡವಾದದ್ದನ್ನು ತಡವಾಯಿತೆಂದೇ ಹೆಸರಿನಲ್ಲಿ ಬರೆದುಕೊಂಡ ಆ ನೇರವಂತಿಕೆ ನನಗೆ ಮೆಚ್ಚುಗೆ. ಡೊನಾಲ್ಡ್ ಕ್ನೂತ್ ಅವರ ಅಕ್ಷರಜೋಡಣೆಯ ತಂತ್ರಾಂಶ ‘ಟೆಕ್’ನ ಕ್ರಮ ಇನ್ನೂ ಚೆಂದ: ಪ್ರತಿ ತಿದ್ದುಪಡಿಗೆ ‘ಪೈ’ ಬೆಲೆಯ ಒಂದೊಂದು ಅಂಕಿ ಕೂಡುತ್ತ ಹೋಗುತ್ತದೆ, 2021ರಲ್ಲಿ ಅದು 3.141592653 ಆಯಿತು. ಇನ್ನು ಹೊಸದೇನೂ ಸೇರುವುದಿಲ್ಲ, ತಪ್ಪು ಕಡಿಮೆಯಾಗುತ್ತ ಹೋಗುತ್ತದೆ ಅಷ್ಟೇ ಎಂಬ ಮಾತನ್ನು ಆ ಅಂಕಿಯೇ ನುಡಿಯುತ್ತದೆ.

ಇದೆಲ್ಲ ಹೊರಗಿನವರ ಕಥೆ, ಕನ್ನಡಕ್ಕೇನು ಸಂಬಂಧ ಎಂದು ಯಾರಾದರೂ ಕೇಳಿದರೆ ಆಂಡ್ರಾಯ್ಡ್ 4.1 ಅನ್ನು ನೆನಪಿಸಬೇಕು. 2012ರಲ್ಲಿ ಬಂದ ಆ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ತೋರಿಸುವ ಬೆಂಬಲ ಸೇರಿತು. ಅದಕ್ಕೆ ಮೊದಲಿನ ಎಷ್ಟೋ ಫೋನುಗಳಲ್ಲಿ ಕನ್ನಡದ ಸಂದೇಶ ಬಂದರೆ ಕಾಣುತ್ತಿದ್ದುದು ಸಾಲುಸಾಲು ಖಾಲಿ ಚೌಕಗಳು. ಜಗತ್ತಿನ ಲೆಕ್ಕಕ್ಕೆ 4.0ಯಿಂದ 4.1ಕ್ಕೆ ಏರಿದ್ದು ಚುಕ್ಕೆಯಾಚೆಗಿನ ಸಣ್ಣ ಮೆಟ್ಟಿಲು. ಕನ್ನಡಿಗರ ಪಾಲಿಗೆ ಆಂಡ್ರಾಯ್ಡ್‌ನ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ಮೆಟ್ಟಿಲಿಲ್ಲ. ಗಣಕದಲ್ಲೂ ಹೀಗೇ ಆಯಿತು: ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆಗೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟ್ ಬಂತು. ಅಂಗಡಿಯಲ್ಲಿ ಫೋನ್ ಕೊಳ್ಳುವ ಕನ್ನಡಿಗನಿಗೆ ಆಗ ಬೇಕಿದ್ದ ಮುಖ್ಯ ಮಾಹಿತಿ ಕ್ಯಾಮೆರಾದ ಬಲವಲ್ಲ, ಆವೃತ್ತಿಯ ಅಂಕಿ. ಅದನ್ನು ಹಾಗೆ ತಿಳಿಸಿ ಹೇಳುವವರು ಇರಲಿಲ್ಲ. ಆವೃತ್ತಿಯ ಅರಿವು ಎಂಜಿನಿಯರುಗಳಿಗೆ ಸಾಕು ಎನ್ನುವವರು ಈ ಒಂದು ಉದಾಹರಣೆಗೆ ಉತ್ತರ ಕೊಡಬೇಕು.

ಕನ್ನಡದ ಸ್ವಂತ ತಂತ್ರಾಂಶಗಳ ಕಡೆ ತಿರುಗಿದರೆ ವಿಷಯ ಇನ್ನಷ್ಟು ಗಂಭೀರ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯನ್ನು ಸರ್ಕಾರ ತನ್ನ ಕಚೇರಿಗಳಿಗೆ ಒಯ್ದಿತು, ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸ ಆಧಾರವಾಯಿತು. ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಹೊರತಂದಿತು. ಈ ಎಲ್ಲರ ಋಣ ಕನ್ನಡದ ಮೇಲಿದೆ, ಅದನ್ನು ಎಷ್ಟು ಹೇಳಿದರೂ ಕಡಿಮೆ. ಆದರೆ ಆ ಕಾಲದ ಕ್ರಮದಲ್ಲಿ ಒಂದು ತೊಡಕಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟಿನ ಬಲದಿಂದ ತೋರಿಸುತ್ತಿದ್ದರು. ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪು ಕಾಣುತ್ತಿತ್ತು. ಮುಂದೆ, ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸ್ಥಾನ ಕೊಡುವ ಯೂನಿಕೋಡ್ ಬಳಕೆಗೆ ಬಂದು, ನುಡಿಯ ಹೊಸ ಆವೃತ್ತಿಗಳು ಹಳೆಯ ಕ್ರಮವನ್ನೂ ಹೊಸದನ್ನೂ ಜೊತೆಯಲ್ಲೇ ಕೊಟ್ಟವು. ಆಗ ಕಡತ ‘ನುಡಿ 4.0’ರಲ್ಲಿದೆ ಎಂದರೂ ಅದು ಯಾವ ಕ್ರಮದ್ದೆಂದು ತಿಳಿಯದಾಯಿತು. ಇಂದಿಗೂ ಡಿಟಿಪಿ ಅಂಗಡಿಯವರು ಮೊದಲು ಕೇಳುವುದು ‘ನುಡಿನೋ ಯೂನಿಕೋಡಾ?’ ಅಂತ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ತಪ್ಪಿ ಕೂರುತ್ತದೆ, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಯಾರಾದರೂ ಕೂತು ಪುಟಪುಟ ತಿದ್ದಬೇಕು. ಹಳೆಯ ಕ್ರಮದಿಂದ ಹೊಸ ಕ್ರಮಕ್ಕೆ ಹೋಗುವುದು ಹಿಂದಿನದಕ್ಕೆ ಹೊಂದದ ಬದಲಾವಣೆ. ಕಡತದ ಹೆಸರಿನಲ್ಲೋ ತಂತ್ರಾಂಶದ ಹೆಸರಿನಲ್ಲೋ ಅದು ದೊಡ್ಡದಾಗಿ ಕಾಣಬೇಕಿತ್ತು. ಕಾಣದೆ ಹೋದದ್ದರ ಬೆಲೆಯನ್ನು ಬೆರಳಚ್ಚುಗಾರರು, ಕರಡು ತಿದ್ದುವವರು, ಹಳೆಯ ಪುಸ್ತಕಗಳನ್ನು ಮರುಮುದ್ರಿಸಲು ಹೊರಟ ಪ್ರಕಾಶಕರು ತೆತ್ತರು, ಈಗಲೂ ತೆರುತ್ತಿದ್ದಾರೆ.

ಇದಕ್ಕೆ ಎದುರಾಗಿ ನಿಲ್ಲುವುದು ಯೂನಿಕೋಡ್ ತನ್ನ ಆವೃತ್ತಿಗಳನ್ನು ನಡೆಸಿಕೊಂಡು ಬಂದ ರೀತಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. 2003ರ 4.0ರಲ್ಲಿ ಅವಗ್ರಹ ಮತ್ತು ನುಕ್ತಾ ಸೇರಿದವು. 2014ರ 7.0ರಲ್ಲಿ ಚಂದ್ರಬಿಂದು, 2021ರ 14.0ರಲ್ಲಿ ಹಳೆಯ ಬರಹಗಳ ನಕಾರ ಪೊಲ್ಲು, 2022ರ 15.0ರಲ್ಲಿ ಅನುಸ್ವಾರದ ಇನ್ನೊಂದು ರೂಪ. ಯಾವ ಅಕ್ಷರ ಯಾವ ವರ್ಷ ಯಾವ ಆವೃತ್ತಿಯಲ್ಲಿ ಬಂತೆಂಬುದನ್ನು ಯಾರು ಬೇಕಾದರೂ ನೋಡಬಹುದು. ಒಂದು ಹಳೆಯ ಶಾಸನದ ಪಾಠವನ್ನು ಗಣಕಕ್ಕೆ ಏರಿಸುವವರು ತಮಗೆ ಬೇಕಾದ ಚಿಹ್ನೆಗೆ ಎಷ್ಟನೆಯ ಆವೃತ್ತಿಯ ಬೆಂಬಲ ಬೇಕೆಂದು ನಿಖರವಾಗಿ ಹೇಳಬಲ್ಲರು. ಆದರೆ ಸೇರಿಸಿದ್ದಕ್ಕಿಂತ ದೊಡ್ಡದು, ಬದಲಿಸುವುದಿಲ್ಲ ಎಂದು ಅವರು ಕೊಟ್ಟ ಮಾತು. 1996ರ 2.0 ಆವೃತ್ತಿಯಿಂದಾಚೆಗೆ ಒಮ್ಮೆ ಒಂದು ಅಕ್ಷರಕ್ಕೆ ಕೊಟ್ಟ ಸ್ಥಾನವನ್ನು ಕಿತ್ತುಕೊಳ್ಳುವುದಿಲ್ಲ, ಹೆಸರನ್ನೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್ ಒಕ್ಕೂಟದ ನಿಯಮ. ಈ ಮಾತಿಗೆ ಅವರು ಎಷ್ಟು ಬದ್ಧರು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. ಹಳಗನ್ನಡದಲ್ಲಿದ್ದು ಮುಂದೆ ಬಳಕೆ ತಪ್ಪಿದ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂಬ ಹೆಸರು ಬಿದ್ದಿದೆ. ೞಕಾರಕ್ಕೂ ಫಕಾರಕ್ಕೂ ಸಂಬಂಧವಿಲ್ಲ, ಅದು ಶುದ್ಧ ತಪ್ಪು. ತಪ್ಪೆಂದು ಅವರೇ ಪಟ್ಟಿಯ ಟಿಪ್ಪಣಿಯಲ್ಲಿ ಬರೆದಿದ್ದಾರೆ, ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಕೊಟ್ಟಿದ್ದಾರೆ. ಮೂಲ ಹೆಸರನ್ನು ಮಾತ್ರ ಮುಟ್ಟಿಲ್ಲ. ಆ ಹೆಸರನ್ನು ನಂಬಿ ಎಲ್ಲೋ ಬರೆದಿಟ್ಟ ತಂತ್ರಾಂಶ ಮುರಿಯಬಾರದು ಎಂಬುದು ಕಾರಣ. ಚಿತ್ರದುರ್ಗದ ಮಗ್ಗುಲಲ್ಲೇ ಇರುವ ತಮಟಕಲ್ಲಿನ ಶಾಸನ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನದು. ಅಷ್ಟು ಹಿಂದಿನ ಕನ್ನಡವನ್ನು ನಾವು ಇಂದು ಗಣಕಕ್ಕೆ ಏರಿಸಿದರೆ ಮುಂದಿನ ತಲೆಮಾರು ಅದನ್ನು ಪರಿವರ್ತಕದ ಹಂಗಿಲ್ಲದೆ ಓದಬಲ್ಲದು ಎಂಬ ಧೈರ್ಯ ಬರುವುದು ಈ ನಿಯಮದಿಂದ. ತಪ್ಪನ್ನು ಒಪ್ಪಿ ಬರೆದು, ಕೊಟ್ಟ ಮಾತನ್ನೂ ಉಳಿಸಿಕೊಳ್ಳುವ ಇಂಥ ನಡತೆಯೇ ನನ್ನ ಕಣ್ಣಿಗೆ ಆವೃತ್ತಿ ವ್ಯವಸ್ಥೆಯ ಅತ್ಯುತ್ತಮ ರೂಪ.

ಈಗ ಸರ್ಕಾರದ ತಂತ್ರಾಂಶಗಳಿಗೆ ಬರೋಣ, ಏಕೆಂದರೆ ಒಲ್ಲೆ ಎನ್ನಲಾಗದ ಬಳಕೆದಾರ ಇರುವುದು ಅಲ್ಲಿ. ಇಷ್ಟವಾಗದ ಆಟದ ಆ್ಯಪನ್ನು ಫೋನಿನಿಂದ ತೆಗೆದುಹಾಕಬಹುದು. ಪಹಣಿಯ ತಂತ್ರಾಂಶವನ್ನು ತೆಗೆದುಹಾಕುವ ರೈತನಿಲ್ಲ. ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯ ಆರಂಭದ ದಿನಗಳು ಈ ದೃಷ್ಟಿಯಿಂದ ಗಮನಿಸತಕ್ಕವು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪ್ರಯೋಗ ನಡೆಸಿ, ಆಮೇಲೆ ತಾಲ್ಲೂಕಿನಿಂದ ತಾಲ್ಲೂಕಿಗೆ ಅದನ್ನು ಹರಡಿದರು. ಗಣಕಕ್ಕೆ ಏರಿಸಿದ ವಿವರಗಳನ್ನು ಮುದ್ರಿಸಿ ಗ್ರಾಮ ಲೆಕ್ಕಿಗರಿಗೆ ಕೊಟ್ಟು ಕೈಬರಹದ ಮೂಲದ ಜೊತೆ ತಾಳೆ ನೋಡಿಸಿದರು. ತಾಳೆಯಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲ ಎಂದು ಘೋಷಿಸಿದರು. ಆಲ್ಫಾ, ಬೀಟಾ, ಆರ್‌ಸಿ ಎಂಬ ಹೆಸರುಗಳನ್ನು ಯಾರೂ ಆಡಲಿಲ್ಲ, ಆದರೆ ಹಂತಗಳ ಕ್ರಮ ಅಲ್ಲಿತ್ತು: ಒಂದು ಕಡೆ ಪ್ರಯೋಗ, ಹಳೆಯದು ಹೊಸದು ಜೊತೆಯಾಗಿ ಕೆಲವು ಕಾಲ, ತಾಳೆ, ಆಮೇಲೆ ಹಳೆಯ ಬಾಗಿಲು ಮುಚ್ಚುವುದು. ನೋಂದಣಿ ಇಲಾಖೆಯ ‘ಕಾವೇರಿ 2.0’ ಕೂಡ 2023ರಲ್ಲಿ ಒಂದೇ ದಿನ ಎಲ್ಲೆಡೆ ಬಂದದ್ದಲ್ಲ, ಕಚೇರಿಯಿಂದ ಕಚೇರಿಗೆ ಹಬ್ಬಿದ್ದು. ಇದನ್ನು ಮೆಚ್ಚಬೇಕು.

ಮೆಚ್ಚುತ್ತಲೇ ಕೊರತೆಯನ್ನೂ ಹೇಳಬೇಕು. ಪಹಣಿಯ ಮೂರನೆಯ ಕಾಲಂನಲ್ಲಿರುವ ಒಟ್ಟು ವಿಸ್ತೀರ್ಣಕ್ಕೂ ಒಂಬತ್ತನೆಯ ಕಾಲಂನಲ್ಲಿ ಮಾಲೀಕರ ಹೆಸರಿನ ಮುಂದಿರುವ ವಿಸ್ತೀರ್ಣಗಳ ಮೊತ್ತಕ್ಕೂ ತಾಳೆಯಾಗದ ಪ್ರಕರಣಗಳನ್ನು ಈ ನಾಡಿನ ಯಾವ ಹಳ್ಳಿಯೂ ಕಾಣದೆ ಇಲ್ಲ. ಕೆಲವು ಕೈಬರಹದ ಕಾಲದಿಂದಲೇ ಬಂದವು, ಕೆಲವು ಗಣಕಕ್ಕೆ ಏರಿಸುವಾಗ ಆದವು. ಅದು ದತ್ತಾಂಶದ ತಪ್ಪು, ತಂತ್ರಾಂಶದ್ದಲ್ಲ ಎಂದು ತಂತ್ರಜ್ಞರು ಹೇಳುತ್ತಾರೆ. ಮಾತು ನಿಜ, ಆದರೆ ಸಾಲದು. ಸ್ಥಿರ ಬಿಡುಗಡೆ ಎಂದರೆ ತಪ್ಪೇ ಇಲ್ಲದ್ದು ಎಂದು ಯಾವ ಪ್ರಾಮಾಣಿಕ ತಯಾರಕರೂ ಹೇಳುವುದಿಲ್ಲ. ಅವರು ಬಿಡುಗಡೆಯ ಜೊತೆಗೆ ಒಂದು ಟಿಪ್ಪಣಿ ಕೊಡುತ್ತಾರೆ: ಏನು ಹೊಸದು, ಏನು ತಿದ್ದಿದೆ, ಗೊತ್ತಿದ್ದೂ ತಿದ್ದಲಾಗದೆ ಉಳಿದಿರುವ ದೋಷಗಳು ಯಾವುವು. ಆ ಕೊನೆಯ ಪಟ್ಟಿಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹೊಸ ವ್ಯವಸ್ಥೆಯನ್ನು ಒಪ್ಪಿಕೊಂಡ ದಿನವೇ ‘ಇಂತಿಂಥ ವ್ಯತ್ಯಾಸಗಳು ಉಳಿದಿವೆ ಎಂದು ನಮಗೆ ಗೊತ್ತು, ಅವನ್ನು ತಿದ್ದುವ ಹೊಣೆ ನಮ್ಮದು’ ಎಂಬ ಪಟ್ಟಿ ಪ್ರತಿ ಗ್ರಾಮದ ಚಾವಡಿಯಲ್ಲಿ ತೂಗಿದ್ದರೆ, ತಪ್ಪನ್ನು ಸಾಬೀತು ಮಾಡುವ ಭಾರ ಅರ್ಜಿ ಹಿಡಿದು ತಹಸೀಲ್ದಾರರ ಕಚೇರಿಗೂ ಉಪವಿಭಾಗಾಧಿಕಾರಿಗಳ ಕಚೇರಿಗೂ ಅಲೆಯುವ ರೈತನ ಮೇಲೆ ಬೀಳುತ್ತಿರಲಿಲ್ಲ.

ಹಂತದ ಗುರುತು ಎಷ್ಟು ವಿಷಯ ಹೇಳಬಲ್ಲದು ಎಂಬುದಕ್ಕೆ ಮಾದರಿ ದೂರದಲ್ಲಿಲ್ಲ, ಚಳ್ಳಕೆರೆಯಲ್ಲೇ ಇದೆ. ಮರಳಿ ಬಳಸಬಹುದಾದ ಉಡಾವಣಾ ವಾಹನ ‘ಪುಷ್ಪಕ್’ ತಾನಾಗಿ ರನ್‌ವೇ ಮೇಲೆ ಇಳಿಯಬಲ್ಲದೇ ಎಂದು ಇಸ್ರೋ ಅಲ್ಲಿ ಮೂರು ಸಲ ಪರೀಕ್ಷಿಸಿತು. 2023ರ ಏಪ್ರಿಲ್ 2ರ ಪರೀಕ್ಷೆಗೆ ಲೆಕ್ಸ್-01 ಎಂದು ಹೆಸರು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. 2024ರ ಮಾರ್ಚ್ 22ರ ಲೆಕ್ಸ್-02ರಲ್ಲಿ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ವಾಹನ ತಾನೇ ದಾರಿ ಸರಿಪಡಿಸಿಕೊಳ್ಳಬೇಕಿತ್ತು. ಅದೇ ವರ್ಷ ಜೂನ್ 23ರ ಲೆಕ್ಸ್-03ರಲ್ಲಿ ಆ ದೂರವನ್ನು 500 ಮೀಟರಿಗೆ ಏರಿಸಿದರು, ಗಾಳಿಯೂ ಜೋರಿತ್ತು. ಎರಡನೆಯ ಸಲ ಇಳಿದ ವಾಹನದ ದೇಹವನ್ನೇ ಮೂರನೆಯ ಸಲಕ್ಕೂ ಬಳಸಿದರು. ಮೂರು ಗುರುತುಗಳನ್ನು ಸಾಲಾಗಿ ಓದಿದವನಿಗೆ ಯಾವುದು ಪರೀಕ್ಷೆಯಾಗಿದೆ, ಯಾವುದು ಇನ್ನೂ ಆಗಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಮೂರೂ ಸಲ ಸರಿಯಾಗಿ ಇಳಿದರೂ ಅದನ್ನು ಸಿದ್ಧವಾದ ವಾಹನವೆಂದು ಯಾರೂ ಕರೆಯಲಿಲ್ಲ. ಬಾಹ್ಯಾಕಾಶದಿಂದ ಮರಳಿ ಇಳಿಯುವ ಪರೀಕ್ಷೆ ಬಾಕಿಯಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಅಂಕಿಗಳನ್ನು ಕಂಪನಿಗಳು ತಮ್ಮ ಇಷ್ಟದಂತೆ ಇಡುತ್ತವೆ, ಅದರಲ್ಲಿ ಮಾತು ಎಲ್ಲಿದೆ? ವಿಂಡೋಸ್ 8.1 ಆದ ಮೇಲೆ 2015ರಲ್ಲಿ ಬಂದದ್ದು 10. ಒಂಬತ್ತು ಇಲ್ಲವೇ ಇಲ್ಲ. ಲಿನಕ್ಸ್ 2011ರಲ್ಲಿ 2.6.39ರಿಂದ 3.0ಕ್ಕೆ ಏರಿದಾಗ ವಿಶೇಷವೇನೂ ಬದಲಾಗಿಲ್ಲ ಎಂದು ಲಿನಸ್ ಟೊರ್ವಾಲ್ಡ್ಸ್ ಅವರೇ ಹೇಳಿದರು. ಫೈರ್‌ಫಾಕ್ಸ್ ಅದೇ ವರ್ಷ ಮಾರ್ಚಿನಲ್ಲಿ 4 ಇದ್ದದ್ದು ಡಿಸೆಂಬರಿಗೆ 9 ಆಗಿತ್ತು. ಜಿಮೇಲ್ ಅಂತೂ 2004ರ ಏಪ್ರಿಲ್ 1ರಿಂದ 2009ರ ಜುಲೈವರೆಗೆ, ಐದು ವರ್ಷಕ್ಕೂ ಹೆಚ್ಚು ಕಾಲ, ಕೋಟ್ಯಂತರ ಜನ ನಿತ್ಯ ಬಳಸುತ್ತಿದ್ದರೂ ‘ಬೀಟಾ’ ಎಂಬ ಹಣೆಪಟ್ಟಿಯಲ್ಲೇ ಇತ್ತು. ಈ ಸಂಗತಿಗಳೆಲ್ಲ ನಿಜ. ಆದರೆ ಇವುಗಳಲ್ಲಿ ಒಂದು ವ್ಯತ್ಯಾಸ ಕಾಣಬೇಕು. ಲಿನಕ್ಸ್‌ನವರು ಅಂಕಿಗೆ ಅರ್ಥವಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ಹಳೆಯ ತಂತ್ರಾಂಶ ಮುರಿಯುವುದಿಲ್ಲ ಎಂಬ ಮಾತನ್ನು ಬೇರೆಯಾಗಿ ಕೊಟ್ಟು ಅದನ್ನು ಬಿಗಿಯಾಗಿ ನಡೆಸಿಕೊಂಡು ಬಂದಿದ್ದಾರೆ. ಅದು ಮೋಸವಲ್ಲ. ಮೋಸವಾಗುವುದು ಐದು ವರ್ಷ ಬೀಟಾ ಎಂದು ಇಟ್ಟುಕೊಂಡಾಗ. ಅಂಥ ಗುರುತು ಸೇವೆಯ ಲಾಭವನ್ನು ತಯಾರಕರಿಗೆ ಕೊಟ್ಟು, ಕೆಟ್ಟರೆ ಕೇಳಬೇಡಿ ಎಂಬ ನೆಪವನ್ನೂ ಅವರಿಗೇ ಕೊಡುತ್ತದೆ. ಖೋಟಾ ನಾಣ್ಯ ಚಲಾವಣೆಯಲ್ಲಿದೆ ಎಂದು ನಾಣ್ಯವೇ ಬೇಡವೆಂದು ಯಾರೂ ಹೇಳುವುದಿಲ್ಲ. ಗುರುತು ದುರುಪಯೋಗವಾಗುತ್ತಿದ್ದರೆ ಗುರುತಿಗೆ ಕರಾರಿನ ಬಲ ಕೊಡಬೇಕು.

ಎರಡನೆಯ ಆಕ್ಷೇಪ ಈ ಕಾಲದ್ದು. ಈಗ ತಂತ್ರಾಂಶ ದಿನಕ್ಕೆ ಹತ್ತು ಸಲ ಸರ್ವರಿನಲ್ಲೇ ಬದಲಾಗುತ್ತದೆ, ಬಿಡುಗಡೆ ಎಂಬ ಒಂದು ದಿನವೇ ಇಲ್ಲ, ಆವೃತ್ತಿ ಎಂಬುದು ಸಿಡಿ ಮಾರುತ್ತಿದ್ದ ಕಾಲದ ಉಳಿಕೆ ಎನ್ನುತ್ತಾರೆ. 2024ರ ಜುಲೈ 19 ಇದಕ್ಕೆ ಉತ್ತರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಕಡತದಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಕಂಪನಿಯ ಗ್ರಾಹಕರಿಗೆ ಹೊಸ ಆವೃತ್ತಿ ಬೇಡ, ಒಂದು ಮೆಟ್ಟಿಲು ಹಿಂದಿನದು ಸಾಕು ಎಂದು ಆರಿಸಿಕೊಳ್ಳುವ ಅವಕಾಶವಿತ್ತು, ಎಚ್ಚರದವರು ಆರಿಸಿಕೊಂಡೂ ಇದ್ದರು. ಆದರೆ ಅಂದು ಬಂದದ್ದು ಆವೃತ್ತಿಯ ಲೆಕ್ಕಕ್ಕೆ ಸಿಗದ ಬೇರೊಂದು ಬಗೆಯ ಅಪ್‌ಡೇಟ್. ಅದು ಹಂತಹಂತವಾಗಿ ಹೋಗದೆ ಎಲ್ಲರಿಗೂ ಒಟ್ಟಿಗೇ ಹೋಯಿತು. ಪದೇಪದೇ ಬದಲಾಗುವುದು ದೋಷವಲ್ಲ, ಎಷ್ಟೋ ಸಲ ಅದೇ ಒಳ್ಳೆಯದು. ಬದಲಾದದ್ದಕ್ಕೆ ಗುರುತಿಲ್ಲದಿದ್ದರೆ ಎಚ್ಚರದವನಿಗೂ ರಕ್ಷಣೆಯಿಲ್ಲ ಎಂಬುದನ್ನು ಆ ದಿನ ತೋರಿಸಿತು. ಸರ್ವರಿನಲ್ಲಿ ಬದಲಾಗುವ ತಂತ್ರಾಂಶಕ್ಕೂ ದಿನಾಂಕ ಮತ್ತು ಕ್ರಮಸಂಖ್ಯೆ ಇದ್ದೇ ಇರುತ್ತದೆ, ತಯಾರಕರು ಅದನ್ನು ಒಳಗೆ ಇಟ್ಟುಕೊಂಡೇ ಇರುತ್ತಾರೆ. ನಾನು ಕೇಳುವುದು ಅದನ್ನು ಹೊರಗೂ ತೋರಿಸಿ ಎಂದು.

ಕಡೆಯದಾಗಿ, ಓದಲು ಬಾರದವರಿಗೆ, ವಯಸ್ಸಾದವರಿಗೆ ಇದೆಲ್ಲ ಯಾಕೆ, ಅಂಕಿ ಕಂಡರೆ ಹೆದರುತ್ತಾರೆ ಎಂಬ ಮಾತಿದೆ. ಬೀಜದ ಚೀಟಿಯನ್ನೂ ಊರಿನ ಎಲ್ಲರೂ ಓದುವುದಿಲ್ಲ. ಓದಬಲ್ಲ ಒಬ್ಬರು ಓದಿ ಹೇಳುತ್ತಾರೆ, ಗಲಾಟೆಯಾದಾಗ ಅದು ಸಾಕ್ಷಿಯಾಗುತ್ತದೆ. ಜನರಿಗೆ ಕಷ್ಟವಾಗುವುದು ಅಂಕಿಯಿಂದಲ್ಲ, ಅಂಕಿ ಇರಬೇಕಾದ ಕಡೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಒಂದೇ ಉತ್ತರ ಸಿಗುವುದರಿಂದ. ಆ ಉತ್ತರ ಕೊಡುವ ಸಿಬ್ಬಂದಿಯನ್ನು ದೂರುವಂತಿಲ್ಲ; ಇಂದು ಬೆಳಗ್ಗೆ ತಂತ್ರಾಂಶ ಬದಲಾಯಿತೇ, ಬದಲಾಗಿದ್ದರೆ ಏನು ಬದಲಾಯಿತು ಎಂದು ಅವರಿಗೂ ಯಾರೂ ಹೇಳಿರುವುದಿಲ್ಲ. ಬಿಡುವಿನ ವೇಳೆಯಲ್ಲಿ ಕನ್ನಡಕ್ಕಾಗಿ ಫಾಂಟ್, ನಿಘಂಟು, ಕಾಗುಣಿತ ಪರೀಕ್ಷಕಗಳನ್ನು ಮಾಡುವ ಉತ್ಸಾಹಿಗಳ ವಿಷಯ ಬೇರೆ. ಅವರ ಮೇಲೆ ಕರಾರಿನ ಭಾರ ಹೊರಿಸಬಾರದು. ಅವರು ‘0.3, ಇನ್ನೂ ಪರೀಕ್ಷೆಯಲ್ಲಿದೆ’ ಎಂದು ಬರೆದರೆ ಸಾಕು, ಬಳಸುವವರು ಅಷ್ಟೇ ಎಚ್ಚರದಿಂದ, ಕೃತಜ್ಞತೆಯಿಂದ ಬಳಸುತ್ತಾರೆ. ತೆರಿಗೆಯ ದುಡ್ಡಿನಲ್ಲಿ ತಯಾರಾಗಿ, ಬೇರೆ ದಾರಿಯಿಲ್ಲದ ಜನರ ಮೇಲೆ ಓಡುವ ತಂತ್ರಾಂಶಕ್ಕೆ ಮಾತ್ರ ಆ ರಿಯಾಯಿತಿ ಸಲ್ಲದು.

ಆದ್ದರಿಂದ ಈ ಸಭೆಯ ಮೂಲಕ ಸರ್ಕಾರಕ್ಕೆ, ಅದರ ತಂತ್ರಾಂಶ ರೂಪಿಸುವವರಿಗೆ ನನ್ನ ವಿನಂತಿ. ನಾಗರಿಕರು ಬಳಸುವ ಪ್ರತಿ ತಂತ್ರಾಂಶದ ಮೊದಲ ಪರದೆಯಲ್ಲಿ ಆವೃತ್ತಿಯ ಸಂಖ್ಯೆ, ಬದಲಾದ ದಿನಾಂಕ, ಪರೀಕ್ಷೆಯಲ್ಲಿದೆಯೋ ಸ್ಥಿರವೋ ಎಂಬ ಮಾತು ಕನ್ನಡದಲ್ಲಿರಲಿ. ಗೊತ್ತಿರುವ ದೋಷಗಳ ಪಟ್ಟಿ ಕನ್ನಡದಲ್ಲೇ ಪ್ರಕಟವಾಗಿ ನಾಡಕಚೇರಿಯ ಗೋಡೆಯ ಮೇಲೂ ಬರಲಿ. ಪರೀಕ್ಷೆಯ ಹಂತದಲ್ಲಿರುವ ವ್ಯವಸ್ಥೆಯಿಂದಾಗಿ ಯಾರ ಅರ್ಜಿಯೂ ತಿರಸ್ಕಾರವಾಗದಿರಲಿ, ಯಾರ ಪಡಿತರವೂ ನಿಲ್ಲದಿರಲಿ. ಸ್ಥಿರವೆಂದು ಘೋಷಿಸುವವರೆಗೆ ಹಳೆಯ ದಾರಿ ತೆರೆದೇ ಇರಲಿ. ಇಲ್ಲಿ ಕುಳಿತ ಶಿಕ್ಷಕರಲ್ಲಿ, ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ: ಮುಂದಿನ ಸಲ ಹಿರಿಯರೊಬ್ಬರ ಕೆಲಸಕ್ಕೆಂದು ಕಚೇರಿಗೆ ಹೋದಾಗ ತಂತ್ರಾಂಶದ ಆವೃತ್ತಿ ಯಾವುದು, ಎಂದು ಬದಲಾಯಿತು ಎಂದು ವಿನಯದಿಂದ ಕೇಳಿ. ಉತ್ತರ ಸಿಗದಿದ್ದರೆ ಅದನ್ನೇ ಮಾಹಿತಿ ಹಕ್ಕು ಕಾಯ್ದೆಯಡಿ ಲಿಖಿತವಾಗಿ ಕೇಳಿ.